ಅವನು ಮೀನು ನೋಡುವಾಗ ಸಮುದ್ರ ನೋಡುವವರು ಯಾರು?

ದಕ್ಷಿಣ ಸಾಗರದ ಕಟ್ಟಕಡೆಯ ದ್ವೀಪಗಳ ಸುತ್ತ ಯಾರು ಮೀನು ಹಿಡಿಯಬಹುದು, ಯಾರು ಹಿಡಿಯಬಾರದು ಎಂದು ತೀರ್ಮಾನಿಸುವ ಮಾನ್ಯರೇ,

ನನ್ನ ಗಂಡ ಯಾರ ಮೇಲೆ ವರದಿ ಕೊಟ್ಟಿದ್ದನೋ ಅವರಿಗೇ ನೀವು ಅವನ ಹೆಸರು ತಿಳಿಸಿದಿರಿ. ಅವನು ಇನ್ನೂ ಅವರ ಹಡಗಿನಲ್ಲೇ ಇರುವಾಗ ತಿಳಿಸಿದಿರಿ. ಸುತ್ತ ಹಿಮಗಡ್ಡೆ ತೇಲುವ ನೀರು, ಹತ್ತಿರದ ಬಂದರಿಗೆ ದಿನಗಟ್ಟಲೆಯ ದಾರಿ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತೇನೆ ಎನ್ನಲು ಅದೇನು ಲೆಸ್ಟರಿನ ಸಿಟಿ ಬಸ್ಸಲ್ಲ. ನನ್ನ ಅಹವಾಲು ಇಷ್ಟೇ. ಉಳಿದದ್ದು ವಿವರಣೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಮೊದಲು ನಿಮ್ಮ ಗಸ್ತು ನೌಕೆಯನ್ನು ಆ ಹಡಗಿನ ಬಳಿಗೆ ಕಳಿಸಿ, ಆಮೇಲೆ ಆರಾಮವಾಗಿ ಓದಿ.

ಇದನ್ನು ಕನ್ನಡದಲ್ಲೇಕೆ ಬರೆಯುತ್ತಿದ್ದೇನೆಂದು ನಿಮಗೆ ಆಶ್ಚರ್ಯವಾಗಬಹುದು. ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಇಂಗ್ಲಿಷಿನಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಎಷ್ಟೇ ಬೆಂಕಿಯಿದ್ದರೂ ಕೊನೆಯ ಸಾಲು 'ಸಾಧ್ಯವಾದಾಗ ಗಮನಿಸಿದರೆ ಕೃತಜ್ಞಳಾಗಿರುತ್ತೇನೆ' ಎಂದೇ ಮುಗಿಯುತ್ತದೆ. ನಿಮ್ಮ ಕಚೇರಿ ನನ್ನ ಕೃತಜ್ಞತೆಯನ್ನಷ್ಟೇ ಓದಿಕೊಂಡು, 'ನಿಮ್ಮ ಕಾಳಜಿ ನಮಗೆ ಮುಖ್ಯ' ಎಂದು ಉತ್ತರಿಸಿತು. ಮತ್ತೆ ಬರೆದೆ, ಮತ್ತೆ ಅದೇ ಉತ್ತರ. ಹಾಗಾಗಿ ಈ ಸಲ ಇಲ್ಲಿಯ ಕನ್ನಡ ಸಂಘದ ಪತ್ರಿಕೆಗೆ, ನನ್ನವರು ಓದುವ ಜಾಗಕ್ಕೆ ಬರೆಯುತ್ತಿದ್ದೇನೆ. ಲೀಡ್ಸಿನಲ್ಲಿ ವಕೀಲೆಯಾಗಿರುವ ಗೆಳತಿ ಸ್ವಸ್ತಿಕಾ ಇದನ್ನು ಇಂಗ್ಲಿಷಿಗೆ ತಂದು ನಿಮಗೂ ನಮ್ಮ ಸಂಸದರಿಗೂ ಕಳಿಸುತ್ತಾಳೆ. "ಒಂದೆರಡು ಪ್ಲೀಸ್ ಸೇರಿಸ್ಲೇನೇ?" ಎಂದು ಕೇಳಿದಳು. "ಒಂದೂ ಬೇಡ ಕಣೇ, ಇರೋದನ್ನೆಲ್ಲ ಆಗ್ಲೇ ಖರ್ಚು ಮಾಡಿದೀನಿ" ಎಂದೆ.

ನನ್ನ ಗಂಡ ಶೋಭಿತ್ ಮಲ್ಪೆಯವನು. ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಇಲ್ಲಿಗೆ ಬಂದು ಅದೇ ವಿಷಯದಲ್ಲಿ ಇನ್ನೊಂದು ಪದವಿ ಪಡೆದು, ನಿಮ್ಮ ಪರವಾನಗಿಯ ಹಡಗುಗಳಲ್ಲಿ ವೀಕ್ಷಕನಾಗಿ ಕೆಲಸ ಮಾಡುತ್ತಾನೆ. ನಮ್ಮ ಓದುಗರಿಗಾಗಿ ಹೇಳುತ್ತೇನೆ: ಆ ದ್ವೀಪಗಳ ಸುತ್ತ, ಆಳದ ಕತ್ತಲಲ್ಲಿ ಟೂತ್‌ಫಿಶ್ ಎಂಬ ದೊಡ್ಡ ಮೀನಿದೆ. ನಿಧಾನವಾಗಿ ಬೆಳೆಯುತ್ತದೆ, ದುಬಾರಿ ಬೆಲೆಗೆ ಹೋಗುತ್ತದೆ. ಮೈಲಿಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ, ಎರೆ ಸಿಕ್ಕಿಸಿ, ಸಮುದ್ರದ ತಳಕ್ಕೆ ಇಳಿಸಿ ಅದನ್ನು ಹಿಡಿಯುತ್ತಾರೆ. ಹಗ್ಗ ಇಳಿಸುವಾಗ ಬೆಳಕಿದ್ದರೆ ಆಲ್ಬಟ್ರಾಸ್, ಪೆಟ್ರೆಲ್ ಎಂಬ ಕಡಲ ಹಕ್ಕಿಗಳು ಎರೆಗೆ ಎರಗಿ, ಗಾಳಕ್ಕೆ ಸಿಕ್ಕಿ, ಹಗ್ಗದ ಜೊತೆಗೇ ಮುಳುಗಿ ಸಾಯುತ್ತವೆ. ಅದಕ್ಕೇ ಕತ್ತಲಲ್ಲಿ ಮಾತ್ರ ಹಗ್ಗ ಇಳಿಸಬೇಕೆಂಬುದು ನಿಮ್ಮ ನಿಯಮ. ಹಿಡಿದ ಮೀನಿನಲ್ಲಿ ಕೆಲವಕ್ಕೆ ಗುರುತು ಚುಚ್ಚಿ ಮತ್ತೆ ನೀರಿಗೆ ಬಿಡಬೇಕು, ಎಷ್ಟು ಮೀನು ಉಳಿದಿದೆಯೆಂದು ಅಂದಾಜಿಸಲು. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಹಡಗಿಗೆ ಒಬ್ಬ ವೀಕ್ಷಕ. ಒಬ್ಬನೇ.

ನಿಮ್ಮ ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ನಿಯಮಗಳು. ಅವು ಬಂದ ಮೇಲೆ ಹಕ್ಕಿಗಳ ಸಾವು ಎಷ್ಟೋ ಇಳಿಯಿತೆಂದು ಶೋಭಿತನೇ ಹೆಮ್ಮೆಯಿಂದ ಹೇಳುತ್ತಿದ್ದ. ಒಮ್ಮೆ ಬರ್ಮಿಂಗ್‌ಹ್ಯಾಮಿನ ದೊಡ್ಡ ಹೋಟೆಲೊಂದರಲ್ಲಿ ಈ ಮೀನಿನ ಹೆಸರು ಮೆನುವಿನಲ್ಲಿ ಕಂಡಾಗ ಮಾಣಿಯನ್ನು ಕರೆದು, "ಇದು ಎಲ್ಲಿಂದ ಬರುತ್ತೆ?" ಎಂದು ವಿಚಾರಿಸಿದ. ಮಾಣಿ ಎದೆಯುಬ್ಬಿಸಿ, "ಪೂರ್ತಿ ಸುಸ್ಥಿರ ಮೂಲದ್ದು ಸರ್, ಹಡಗಿನಲ್ಲೇ ತಜ್ಞರು ಇರುತ್ತಾರೆ" ಎಂದ. ಶೋಭಿತ್ ನನ್ನ ಕಾಲನ್ನು ಮೇಜಿನ ಕೆಳಗೆ ಒತ್ತಿ, "ತಜ್ಞರು ದಾಲ್ ತಗೋತಾರಂತೆ ಅಂತ ಹೇಳು" ಎಂದ. ನಾವಿಬ್ಬರೂ ದಾಲ್ ತಿಂದು ಬಂದೆವು. ಸುಸ್ಥಿರ ಎಂಬ ಪದ ಕೇಳಿದಾಗ ನಾನು ನಕ್ಕದ್ದು ಅದೇ ಕೊನೆ.

ನಾನು ಮೈಸೂರಿನವಳು. ಮದುವೆಗೆ ಮುಂಚೆ ಕಡಲೆಂದರೆ ನನಗೆ ಕಾಲೇಜಿನ ಟೂರು. ಹಡಗಿನ ಕೆಲಸ ಎಂಥದ್ದೆಂದು ಗೊತ್ತಾದದ್ದು ಈ ಸಲದ ಮೊದಲ ವಿಡಿಯೊ ಕರೆಯಲ್ಲಿ. ಹಗ್ಗವನ್ನು ಮೇಲೆಳೆಯುವಾಗ ಹಡಗಿನ ಪಕ್ಕೆಯಲ್ಲಿ ಬಾಗಿಲಿನಷ್ಟು ದೊಡ್ಡ ಕಿಂಡಿ ತೆರೆದಿರುತ್ತದೆ. ಅದರ ಬಳಿಯೇ ನಿಂತು ಇವನು ಬಗ್ಗಿ ಮೀನು ಅಳೆಯಬೇಕು, ಗುರುತು ಚುಚ್ಚಬೇಕು. ಬಗ್ಗಿದವನಿಗೆ ಅಲೆ ಕಾಣುವುದಿಲ್ಲ. ದೊಡ್ಡ ಅಲೆಯೊಂದು ಕಿಂಡಿಯಿಂದ ನುಗ್ಗಿದರೆ ನಿಂತವರನ್ನು ಎತ್ತಿಕೊಂಡು ಹೋಗುತ್ತದೆ. ನಾನು ಹೆದರಿದ್ದು ಕಂಡು ಅವನು ನಕ್ಕ. ಡೆಕ್ಕಿನ ಮೇಸ್ತ್ರಿ ಮೊದಲ ದಿನವೇ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದನಂತೆ: "ನೀನು ಮೀನು ನೋಡು. ಸಮುದ್ರವನ್ನು ನಾವು ನೋಡಿಕೊಳ್ಳುತ್ತೇವೆ." ಅಲೆ ಬರುವುದು ಕಂಡ ಕೂಡಲೇ ಯಾರಾದರೊಬ್ಬರು ಕೂಗುತ್ತಾರೆ, ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಕಂಬ ಹಿಡಿಯಬೇಕು. ಅಷ್ಟೇ ಅಲ್ಲಿಯ ಸುರಕ್ಷತೆ. ನಿಮ್ಮ ಕೈಪಿಡಿಯಲ್ಲಿ ಸುರಕ್ಷತೆಗೊಂದು ಅಧ್ಯಾಯವೇ ಇದೆ. ಆದರೆ ಈ ಕೂಗಿನ ಮಾತು ಅದರಲ್ಲಿಲ್ಲ, ಹುಡುಕಿ ನೋಡಿದ್ದೇನೆ.

ಆಮೇಲೆ ಬಿರುಗಾಳಿಯಿಂದ ಕೆಲವು ದಿನ ಹಡಗಿನ ಕೆಲಸ ನಿಂತಿತು. ಗಾಳಿ ತಗ್ಗಿದ್ದೇ ತಡ, ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ಬೆಳಕು ಹರಿದ ಮೇಲೂ ಹಗ್ಗ ಇಳಿಸುತ್ತಲೇ ಹೋದರು. ಶೋಭಿತ್ ಮೊದಲು ಕ್ಯಾಪ್ಟನ್ ಬಳಿಗೇ ಹೋಗಿ ಹೇಳಿದ. ಕ್ಯಾಪ್ಟನ್ ಆಕಾಶ ತೋರಿಸಿ, "ಇಷ್ಟು ಮೋಡ ಇದೆ, ಇದೂ ಕತ್ತಲೆಯೇ" ಎಂದನಂತೆ. ಮಾರನೆಯ ದಿನ ಹಗ್ಗ ಮೇಲೆ ಬಂದಾಗ ಗಾಳಗಳಲ್ಲಿ ಮೀನಿನ ನಡುವೆ ತೊಯ್ದ ಹಕ್ಕಿಗಳಿದ್ದವು. ಅವನು ಕಂಡದ್ದನ್ನು ಬರೆದು ತನ್ನ ಫೋನಿನಿಂದಲೇ ನಿಮಗೆ ಕಳಿಸಿದ. ಅದಕ್ಕೇ ಅಲ್ಲವೇ ನೀವು ಅವನನ್ನು ಅಲ್ಲಿಟ್ಟಿರುವುದು?

ನಿಮ್ಮ ಕಚೇರಿ ಏನು ಮಾಡಿತು? ಸಜ್ಜನಿಕೆ ಮಾಡಿತು. ಆರೋಪಕ್ಕೆ ಉತ್ತರಿಸುವ ಅವಕಾಶ ಪರವಾನಗಿದಾರರಿಗೆ ಇರಬೇಕೆಂಬುದು ನಿಮ್ಮ ಪದ್ಧತಿಯಂತೆ. ಬಹಳ ನ್ಯಾಯವಾದ ಪದ್ಧತಿ. ಹಡಗು ದಡ ಸೇರುವವರೆಗೆ ಕಾಯುವಷ್ಟು ನ್ಯಾಯ ಮಾತ್ರ ಅದರಲ್ಲಿರಲಿಲ್ಲ. ವರದಿಯನ್ನು ಹಡಗಿನ ಕಂಪನಿಗೆ ಕಳಿಸಿದಿರಿ. ಸಾಲದೆಂದು ಶೋಭಿತನಿಗೆ ಹೆಸರು ಹಿಡಿದು ಮೆಚ್ಚುಗೆಯ ಪತ್ರವನ್ನೂ ಬರೆದಿರಿ. ಅದನ್ನು ಕಳಿಸಿದ್ದು ಎಲ್ಲಿಗೆ? ಹಡಗಿನ ಅಂಚೆಪೆಟ್ಟಿಗೆಗೆ. ಹಡಗಿಗಿರುವುದು ಒಂದೇ ಮೇಲ್ ವಿಳಾಸ, ಅದನ್ನು ತೆರೆಯುವವನು ಕ್ಯಾಪ್ಟನ್. ಇದು ಇಷ್ಟು ಕಾಲದಿಂದ ಪರವಾನಗಿ ಕೊಡುತ್ತಿರುವ ನಿಮಗೆ ಗೊತ್ತಿರಲಿಲ್ಲವೇ? ಲೆಸ್ಟರಿನಲ್ಲಿ ಮಗುವಿನ ಬಟ್ಟೆ ಮಡಚುವ ನನಗೇ ಗೊತ್ತಿತ್ತು.

ಮುಂದಿನ ಕರೆಯಲ್ಲಿ ಶೋಭಿತ್ ನಗುತ್ತಲೇ ಹೇಳಿದ: "ದೀಕ್ಷಿ, ನಾನೀಗ ಫೇಮಸ್ಸು. ನಂಗೆ ಬಂದ ಥ್ಯಾಂಕ್ಸ್ ಲೆಟರನ್ನ ಪ್ರಿಂಟ್ ತೆಗ್ದು ಮೆಸ್ ಗೋಡೆಗೆ ಹಚ್ಚಿದಾರೆ. ನಾಳೆ ಮೆನು ಪಕ್ಕದಲ್ಲೇ."

"ತೆಗ್ದು ಬಿಸಾಕೋ ಅದನ್ನ!"

"ತೆಗ್ದೆ. ಇನ್ನೊಂದು ಹಚ್ಚಿದ್ರು."

ನಾನೂ ನಕ್ಕೆ, ಮಾನ್ಯರೇ. ಅವನ ಮುಖದಲ್ಲಿ ನಗು ಇತ್ತಲ್ಲ, ಅದಕ್ಕೆ. ಅದೇ ಅವನ ಮುಖ ನೋಡಿದ ಕೊನೆಯ ಸಲ. ಮರುವಾರ ಹಡಗಿನ ವೈಫೈ ಕೆಟ್ಟಿತು. ಕೆಟ್ಟದ್ದು ಅವನ ಫೋನಿಗೆ ಮಾತ್ರವೋ ಎಲ್ಲರ ಫೋನಿಗೋ ನನಗೆ ತಿಳಿಯದು. ಆಮೇಲೆ ಬರುವುದೆಲ್ಲ ಕ್ಯಾಪ್ಟನ್‌ನ ಪೆಟ್ಟಿಗೆಯ ಮೂಲಕ ಬರುವ ಒಂದೆರಡು ಸಾಲು, ಇಂಗ್ಲಿಷಿನಲ್ಲಿ, ಮೂರನೆಯವರೊಬ್ಬರು ಓದುತ್ತಾರೆಂದು ಗೊತ್ತಿದ್ದು ಬರೆದ ಸಾಲು.

ಈಗ ನಮ್ಮ ಮಾವನವರನ್ನು ನಿಮಗೆ ಪರಿಚಯಿಸಬೇಕು. ಹೆಸರು ಭುಜಂಗ. ಮಲ್ಪೆಯಲ್ಲಿ ಸ್ವಂತ ಬೋಟಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ್ದರಿಂದ ಬೋಟನ್ನು ಕಟ್ಟಿಹಾಕಿ, ಅತ್ತೆಯ ಜೊತೆ ಮೊಮ್ಮಗಳನ್ನು ನೋಡಲು ಬಂದರು. ಇಲ್ಲಿ ರಾತ್ರಿ ಒಂಬತ್ತೂವರೆಗೂ ಬಿಸಿಲು ಕಂಡು, "ಇದೆಂತ ದೇಶ ಮಾರಾಯ್ತಿ, ಸೂರ್ಯನಿಗೆ ಮನೆಗೆ ಹೋಗಲಿಕ್ಕೆ ಮನಸ್ಸೇ ಇಲ್ಲ" ಎನ್ನುತ್ತಾರೆ. ಶೋಭಿತ್ ವರದಿ ಕೊಟ್ಟ ವಿಷಯ ತಿಳಿದಾಗ ಅವರು ಮಗನ ಪರ ನಿಲ್ಲಲಿಲ್ಲ.

"ಬೋಟಿನ ಮಾತು ಬೋಟಿನಲ್ಲೇ ಮುಗಿಸ್ಬೇಕು. ಮೇಲೆ ಹೋಗಿ ಹೇಳುವುದೆಂತದು?"

"ಕ್ಯಾಪ್ಟನ್‌ಗೆ ಹೇಳಿದ್ರಲ್ಲ ಮಾವ."

"ಒಂದು ಸಲ ಹೇಳಿದ. ನಾಲ್ಕು ಸಲ ಹೇಳ್ಬೇಕು. ಜಗಳ ಮಾಡ್ಬೇಕು. ಹಕ್ಕಿ ಸತ್ತದ್ದಕ್ಕೆ ಇಷ್ಟು ದೊಡ್ಡ ಪಂಚಾಯ್ತಿಯಾ? ನಿನ್ನ ಗಂಡನಿಗೆ ಓದಿ ಓದಿ ತಲೆ ಬಿಸಿ."

ನನಗೆ ರೇಗಿತು. ಹಕ್ಕಿ ಉಳಿಯದಿದ್ದರೆ ಆ ಪರವಾನಗಿಗೆ ಅರ್ಥವಿಲ್ಲ, ಅವನ ಕೆಲಸವೇ ಅದು ಎಂದು ವಾದಿಸಿದೆ. ಎರಡು ದಿನ ನಾವಿಬ್ಬರೂ ಮಗುವಿನ ಮೂಲಕವೇ ಮಾತಾಡಿದೆವು. "ಸಿಂಚೂ, ನಿನ್ನ ಅಮ್ಮನಿಗೆ ಚಾ ಬೇಕಾ ಕೇಳು" ಎಂದು ಅವರು, "ಸಿಂಚೂ, ಬೇಡ ಅನ್ನು" ಎಂದು ನಾನು.

ಹೀಗಿರುವಾಗ ಒಂದು ಮಧ್ಯಾಹ್ನ ಶೋಭಿತನ ಮೇಲ್ ಬಂತು. ಅತ್ತೆ ಮಾರ್ಕೆಟಿನ ಮ್ಯಾಕ್ರೆಲ್ಲನ್ನೇ ಬಂಗುಡೆ ಎಂದು ಒಪ್ಪಿಕೊಂಡು ಹುಳಿಖಾರದ ಪುಳಿಮುಂಚಿ ಮಾಡಿದ್ದರು, ಎಲ್ಲರೂ ಊಟಕ್ಕೆ ಕೂತಿದ್ದೆವು. ನಾನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದಿದೆ: ಎಲ್ಲವೂ ಚೆನ್ನಾಗಿದೆ. ಚಳಿ ಹೆಚ್ಚು. ಈಚೆಗೆ ಕ್ಯಾಬಿನ್‌ನಲ್ಲೇ ಊಟ ಮಾಡುತ್ತಿದ್ದೇನೆ, ನೆಮ್ಮದಿಯಾಗಿದೆ. ಸಿಂಚನಾಗೆ ಮುತ್ತು.

"ಒಳ್ಳೇದಾಯ್ತು," ಎಂದರು ಅತ್ತೆ ವನಜಾಕ್ಷಿ. "ಆ ಚಳಿಯಲ್ಲಿ ಎದ್ದು ಹೋಗುವ ಕಷ್ಟ ಇಲ್ಲ. ರೂಮಿಗೇ ತಂದು ಕೊಡ್ತಾರೆ ಅಂತ ಕಾಣ್ತದೆ."

ನನಗೂ ಹಾಗೇ ಅನ್ನಿಸಿತ್ತು. ಗಲಾಟೆಯಿಲ್ಲದೆ ತಿನ್ನುತ್ತಾನೆ, ಬೇಗ ಮಲಗುತ್ತಾನೆ, ಪಾಪ. ಮಾವ ಮಾತ್ರ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಇನ್ನೊಮ್ಮೆ ಓದು."

ಓದಿದೆ.

"ಬೋಟಿನಲ್ಲಿ ಒಬ್ಬನೇ ಕೂತು ಉಣ್ಣುವವ ಇಲ್ಲ ಮಗಾ," ಎಂದರು. "ಹೊಡೆದಾಡಿಕೊಂಡವರೂ ಊಟಕ್ಕೆ ಒಟ್ಟಿಗೇ ಕೂರ್ತಾರೆ. ಕಾಯಿಲೆ ಬಿದ್ದವನಿಗೂ ಪಕ್ಕದಲ್ಲಿ ಜಾಗ ಇಡ್ತಾರೆ. ಒಬ್ಬ ಬೇರೆ ಕೂತಿದ್ದಾನೆ ಅಂದ್ರೆ ಅವನು ಹೋಗಿ ಕೂತದ್ದಲ್ಲ. ಅವನನ್ನು ಕರೀಲಿಲ್ಲ."

"ಕರೀದಿದ್ರೆ ಏನಂತೆ?" ಎಂದರು ಅತ್ತೆ. "ಅವನೇ ಬಡಿಸ್ಕೊಂಡು ತಿಂತಾನೆ."

"ಊಟದ್ದಲ್ಲ ವಿಷಯ, ಇವಳೇ. ಊಟಕ್ಕೆ ಕರೆಯದವರು ಅಲೆ ಬಂದಾಗ ಕರೀತಾರಾ?"

ಮಾನ್ಯರೇ, ಆ ಮಾತಿನ ನಂತರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಅವನಿಗೆ ಯಾರೂ ಕೇಡು ಮಾಡಬೇಕಾಗಿಲ್ಲ. ಯಾರೂ ತಳ್ಳಬೇಕಾಗಿಲ್ಲ. ಯಾವ ನ್ಯಾಯಾಲಯವೂ ಯಾರನ್ನೂ ಹಿಡಿಯಲಾರದು. ಒಂದು ಕ್ಷಣ, ಒಬ್ಬರೂ ಕೂಗದೆ ಇದ್ದರೆ ಸಾಕು. ಹೆಗಲ ಮೇಲೆ ಕೈಯಿಟ್ಟ ಆ ಮೇಸ್ತ್ರಿ ಈಗಲೂ ಇವನ ಪಾಲಿನ ಸಮುದ್ರವನ್ನು ನೋಡುತ್ತಿದ್ದಾನೆಯೇ? ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?

ಡೆಕ್ಕಿನ ಆ ಕೆಲಸಗಾರರನ್ನು ನಾನು ಶಪಿಸಲಾರೆ. ಅವರ ಸಂಬಳ ಹಿಡಿದ ಮೀನಿನ ಪಾಲಿನ ಮೇಲೆ ನಿಂತಿದೆ. ಪರವಾನಗಿ ಹೋದರೆ ಅವರ ಹೆಂಡತಿ ಮಕ್ಕಳ ಊಟ ಹೋಗುತ್ತದೆ. ತಮ್ಮ ನಡುವೆಯೇ ಉಂಡು ಮಲಗುವವನು ತಮ್ಮ ಮೇಲೆ ಬರೆದ ಎಂದು ಅವರಿಗೆ ನೋವಾಗಿದ್ದರೆ ಅದು ಮನುಷ್ಯಸಹಜ. ಹಗಲಲ್ಲಿ ಹಗ್ಗ ಇಳಿಸೆಂದು ಹೇಳಿದವನು ಕ್ಯಾಪ್ಟನ್, ಅವನಿಗೆ ಅವಸರ ಹಚ್ಚಿದ್ದು ಕಂಪನಿ. ಇವರ ನಡುವೆ ನನ್ನ ಗಂಡನನ್ನು ನಿಲ್ಲಿಸಿ, ಬೆನ್ನು ತಟ್ಟಿ, ಆ ತಟ್ಟಿದ ಸದ್ದು ಎಲ್ಲರಿಗೂ ಕೇಳುವಂತೆ ನೋಡಿಕೊಂಡದ್ದು ನೀವು.

ಅಂದೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಯುವಕ ಬಹಳ ವಿನಯವಂತ. ನನ್ನನ್ನು ಕಾಯಿಸಿ, ವಿಚಾರಿಸಿ, ಸಂತೋಷದಿಂದಲೇ ತಿಳಿಸಿದ: "ನಿಮ್ಮ ಪತಿ ಕ್ಷೇಮವಾಗಿದ್ದಾರೆ ಮೇಡಂ. ಹಡಗಿನ ಕ್ಯಾಪ್ಟನ್ ಖುದ್ದಾಗಿ ದೃಢಪಡಿಸಿದ್ದಾರೆ."

ಯಾರು ದೃಢಪಡಿಸಿದ್ದಾರೆ ಎಂದು ಮತ್ತೆ ಕೇಳಿದೆ. ಕ್ಯಾಪ್ಟನ್, ಮೇಡಂ. ಇದರಲ್ಲಿ ಅವನಿಗೆ ವಿಚಿತ್ರವೇನೂ ಕಾಣಲಿಲ್ಲ.

ಅಷ್ಟರಲ್ಲಿ ಮಾವ ಫೋನಿಗೆ ಕೈಚಾಚಿದರು. ಬೋಟಿನ ಮಾತು ಬೋಟಿನಲ್ಲೇ ಮುಗಿಯಬೇಕೆಂದಿದ್ದ ಮನುಷ್ಯ, ತಮಗೆ ಬಾರದ ಭಾಷೆಯಲ್ಲಿ, ಗುರುತಿಲ್ಲದ ಕಚೇರಿಯ ಎದುರು ಎದ್ದು ನಿಂತು ಮಾತಾಡಿದರು. "ಸರ್, ಮೈ ಸನ್. ವೇರ್ ಹೀ ಈಟಿಂಗ್? ವಿತ್ ಹೂ?"

ಆ ಕಡೆಯಿಂದ ಉತ್ತರ ಬಂತು: ಹಡಗಿನ ಆಹಾರ ನಿಗದಿತ ಗುಣಮಟ್ಟದ್ದೇ ಆಗಿದೆ, ಸಸ್ಯಾಹಾರದ ವ್ಯವಸ್ಥೆಯೂ ಇದೆ.

ಮಾವ ನನ್ನತ್ತ ತಿರುಗಿ, "ಎಂತ ಹೇಳಿದ?" ಎಂದರು. ನಾನು ಅನುವಾದಿಸಲಿಲ್ಲ.

ಎಳೆ ಮಕ್ಕಳನ್ನು ನೋಡಿಹೋಗುವ ನರ್ಸ್, ಹೆಲ್ತ್ ವಿಸಿಟರ್, ಮನೆಗೆ ಬಂದವರು, ಮಗು ನಿದ್ದೆ ಕೆಡಿಸುತ್ತದೆಯೇ ಎಂದು ಕೇಳಿದರು. ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ, ಎಚ್ಚರವಿರುವುದು ನಾನು ಎಂದೆ. ನಮ್ಮ ಜಿಪಿ ಡಾಕ್ಟರು ನನ್ನನ್ನು ಪರೀಕ್ಷಿಸಿ, ಎಳೆ ಮಗುವಿನ ತಾಯಂದಿರಲ್ಲಿ ಆತಂಕ ಸಾಮಾನ್ಯ ಎಂದು ಕರಪತ್ರವೊಂದನ್ನು ಕೊಟ್ಟರು. ಕಣ್ಣು ಮುಚ್ಚಿದರೆ ಬಗ್ಗಿ ನಿಂತ ಬೆನ್ನು ಕಾಣುತ್ತದೆ ಎಂಬುದಕ್ಕೆ ಅದರಲ್ಲಿ ಉಸಿರಾಟದ ವ್ಯಾಯಾಮವಿತ್ತು.

ನಿಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿ ರೆಕ್ಕೆ ಬಿಚ್ಚಿದ ಆಲ್ಬಟ್ರಾಸಿನ ಚಂದದ ಚಿತ್ರವಿದೆ. ಆ ಹಕ್ಕಿ ಸತ್ತರೆ ತಿಳಿಸಲು ನೀವು ಒಬ್ಬನನ್ನು ಇಟ್ಟಿದ್ದೀರಿ. ಅವನು ಸತ್ತರೆ ತಿಳಿಸಲು ಯಾರಿದ್ದಾರೆ? ಕ್ಯಾಪ್ಟನ್ ಖುದ್ದಾಗಿ ದೃಢಪಡಿಸುತ್ತಾರೆಯೇ? ಕೆಲವೇ ಕಾಲದಲ್ಲಿ ಕ್ಯಾಮೆರಾಗಳು ಬರುತ್ತವೆ, ಆಮೇಲೆ ಈ ತೊಂದರೆಯಿಲ್ಲ ಎಂದು ನಿಮ್ಮ ಯುವಕ ಸಮಾಧಾನ ಹೇಳಿದ. ಬರಲಿ. ಕ್ಯಾಮೆರಾಕ್ಕೆ ಹೆಂಡತಿಯಿಲ್ಲ, ಫೋನ್ ಮಾಡಿ ಪೀಡಿಸುವವರಿಲ್ಲ. ಆದರೆ ಈ ಹೊತ್ತಿಗೆ ನಿಮ್ಮ ಸುಸ್ಥಿರತೆಯೆಲ್ಲ ನಿಂತಿರುವುದು ಒಬ್ಬ ಮನುಷ್ಯನ ಎರಡು ಕಣ್ಣಿನ ಮೇಲೆ. ಮೀನಿನ ಸಂತತಿ ಉಳಿಯಬೇಕು, ಹಕ್ಕಿಯ ಸಂತತಿ ಉಳಿಯಬೇಕು, ಮೀನುಗಾರಿಕೆ ಮೊಮ್ಮಕ್ಕಳ ಕಾಲಕ್ಕೂ ನಡೆಯಬೇಕು, ಎಲ್ಲ ಒಪ್ಪಿದೆ. ನೋಡಿದ್ದನ್ನು ನೋಡಿದೆ ಎಂದವನಿಗೆ ಹೀಗಾಗುತ್ತದೆಂದು ಗೊತ್ತಾದರೆ ಮುಂದಿನ ಹಡಗಿನ ವೀಕ್ಷಕ ಮೋಡವನ್ನು ಕತ್ತಲೆಯೆಂದೇ ಬರೆಯುತ್ತಾನೆ. ಆಗ ನಿಮ್ಮ ಮುದ್ರೆ ಹೊತ್ತ ಮೀನು ಮಾತ್ರ ಅದೇ ಬೆಲೆಗೆ ಮಾರಾಟವಾಗುತ್ತಿರುತ್ತದೆ.

ನನಗೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಗಸ್ತು ನೌಕೆ ಆ ದ್ವೀಪಗಳ ಸುತ್ತ ಓಡಾಡುತ್ತಲೇ ಇರುತ್ತದೆ. ಮೀನು ಕಳ್ಳರನ್ನು ಹಿಡಿಯಲು ತಿರುಗುವ ನೌಕೆ ಒಮ್ಮೆ ನಿಮ್ಮ ನೌಕರನನ್ನು ಇಳಿಸಿಕೊಳ್ಳಲೂ ತಿರುಗಲಿ. ಶೋಭಿತನನ್ನು ಆ ಹಡಗಿನಿಂದ ತೆಗೆಯಿರಿ. ಅಲ್ಲಿಯವರೆಗೆ ಅವನನ್ನು ಆ ಕಿಂಡಿಯ ಬಳಿ ನಿಲ್ಲಿಸಬೇಡಿ, ಅವನ ದನಿಯನ್ನು ನಮಗೆ ಕೇಳಿಸಿ. ಕ್ಯಾಪ್ಟನ್‌ನ ದೃಢೀಕರಣ ಬೇಡ. ಮುಂದೆಂದೂ, ಕಾಲು ನೆಲ ಮುಟ್ಟುವವರೆಗೆ, ಯಾವ ವೀಕ್ಷಕನ ವರದಿಯನ್ನೂ ಹಡಗಿನವರಿಗೆ ಕೊಡಬೇಡಿ. ನಿಮ್ಮ ಮೆಚ್ಚುಗೆಯನ್ನು ಅವನು ಮನೆಗೆ ಬಂದ ಮೇಲೆ ತಿಳಿಸಿ. ನಮ್ಮ ಮನೆಗೂ ಪೋಸ್ಟ್‌ಕೋಡ್ ಇದೆ.

ಸಿಂಚನಾ ಈಗ ಅಂಬೆಗಾಲಿಡುತ್ತಾಳೆ. ಅವಳಿಗೆ ಮೆಟ್ಟಿಲೆಂದರೆ ಇಷ್ಟ. ಮೊನ್ನೆ ಕಣ್ತಪ್ಪಿಸಿ ಮೆಟ್ಟಿಲ ಅಂಚಿಗೆ ಹೋಗಿಬಿಟ್ಟಿದ್ದಳು. ಅಡುಗೆಮನೆಯಿಂದ ಅತ್ತೆ, ಕೋಣೆಯಿಂದ ಮಾವ, ಬಚ್ಚಲಿನಿಂದ ನಾನು, ಒಟ್ಟಿಗೇ ಕೂಗಿದೆವು. ತೆರೆದ ಮುಂಬಾಗಿಲಿನಾಚೆ ಪಾರ್ಸೆಲ್ ಕೊಡಲು ಬಂದಿದ್ದ ಹುಡುಗಿ, ನಮ್ಮ ಹೆಸರನ್ನೂ ಅರಿಯದವಳು, ಅವಳೂ ಕೂಗಿದಳು. ಮಗು ಬೆಚ್ಚಿ ನಿಂತಿತು. ಮಾವ ಓಡಿಹೋಗಿ ಎತ್ತಿಕೊಂಡವರು ಎಷ್ಟು ಹೊತ್ತಾದರೂ ಕೆಳಗಿಳಿಸಲಿಲ್ಲ. ಕೊನೆಗೆ ಅವಳ ತಲೆಗೂದಲಿಗೆ ಮುಖವಿಟ್ಟು, "ಇಲ್ಲಿ ನಾಲ್ಕು ಜನ ಇದ್ದೆವು," ಎಂದರು.

ಅಲ್ಲಿ ಒಬ್ಬರಾದರೂ ಇದ್ದಾರೆಯೇ, ಮಾನ್ಯರೇ?

ಇಂತಿ,
ಎಷ್ಟು ಕೂಗಿದರೂ ಆ ಡೆಕ್ಕಿಗೆ ಕೇಳಿಸದಷ್ಟು ದೂರದಲ್ಲಿ ಕೂತು ಸಮುದ್ರ ನೋಡುತ್ತಿರುವ,
ದೀಕ್ಷಿತಾ
ಲೆಸ್ಟರ್